ಒಲೆಗೆ ಎಂಥ ಕಲ್ಲು ಬೇಕು?

ಜಾತ್ರೆಯಲ್ಲಿ, ಹೊಲದ ಬದುವಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುವುದನ್ನು ನೀವು ನೋಡಿರಬಹುದು. ಮೂರೇ ಏಕೆ? ಮೂರು ಕಲ್ಲಿನ ಮೇಲೆ ಪಾತ್ರೆ ಅಲುಗಾಡದೆ ಕೂರುತ್ತದೆ. ನಾಲ್ಕಿಟ್ಟಾಗ ಒಂದು ಸ್ವಲ್ಪ ಗಿಡ್ಡವಾದರೂ ಪಾತ್ರೆ ಓಲಾಡುತ್ತದೆ.

ಆದರೆ ಸಿಕ್ಕ ಕಲ್ಲನ್ನೆಲ್ಲ ಒಲೆಗೆ ಇಡುವಂತಿಲ್ಲ. ಕೆಲವು ಕಲ್ಲುಗಳು ಬೆಂಕಿಯಲ್ಲಿ ಪಟ್ಟೆಂದು ಸಿಡಿಯುತ್ತವೆ. ಚೂರು ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ.

ಕಲ್ಲು ಸಿಡಿಯುವುದೇಕೆ?

ಮೊದಲ ಕಾರಣ ನೀರು. ಹೊಳೆಯ ಕಲ್ಲಿನ ಬಿರುಕು, ರಂಧ್ರಗಳಲ್ಲಿ ನೀರು ಸೇರಿರುತ್ತದೆ. ನೀರು ಕುದಿದು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ. ಹೊರಬರಲು ದಾರಿ ಸಿಗದ ಆವಿ ಕಲ್ಲನ್ನೇ ಒಡೆಯುತ್ತದೆ.

ಎರಡನೆಯ ಕಾರಣ ಹಿಗ್ಗುವಿಕೆ. ಕಲ್ಲು ಶಾಖದ ಮಂದವಾಹಕ. ಹೊರಮೈ ಕಾದು ಹಿಗ್ಗುವಾಗ ಒಳಭಾಗ ಇನ್ನೂ ತಣ್ಣಗಿರುತ್ತದೆ. ಈ ಎಳೆದಾಟದಲ್ಲಿ ಕಲ್ಲಿನ ಮೇಲ್ಪದರ ಚಕ್ಕೆಯಾಗಿ ಏಳುತ್ತದೆ. ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳಿವೆ. ಇವೆಲ್ಲ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಅದರಲ್ಲೂ ಬೆಣಚು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥಟ್ಟನೆ ಹಿಗ್ಗುತ್ತದೆ. ಮೆದುವಾದ ಬಳಪದ ಕಲ್ಲು ಮಾತ್ರ ಶಾಖವನ್ನು ಚೆನ್ನಾಗಿ ತಾಳುತ್ತದೆ. ಆದ್ದರಿಂದಲೇ ಅದರಲ್ಲಿ ಅಡುಗೆಯ ಕಲ್ಚಟ್ಟಿಗಳನ್ನು ಮಾಡುತ್ತಾರೆ.

ಆರಿಸುವುದು, ಸಿದ್ಧಪಡಿಸುವುದು

* ಹೊಳೆ, ಕೆರೆಯ ಕಲ್ಲು ಬೇಡ. ಎತ್ತರದ ಒಣ ಜಾಗದ ಕಲ್ಲು ಆರಿಸಬೇಕು.
* ಬಿರುಕು, ಪದರ ಇರಬಾರದು. ಇನ್ನೊಂದು ಕಲ್ಲಿನಿಂದ ತಟ್ಟಿದಾಗ 'ಠಣ್' ಎಂದರೆ ಒಳಗೆ ಗಟ್ಟಿ. 'ದಬ್' ಎಂದರೆ ಬಿರುಕಿರಬಹುದು.
* ಹಲವು ದಿನ ಬಿಸಿಲಿನಲ್ಲಿ ಒಣಗಿಸಬೇಕು.
* ಮೊದಲು ಸಣ್ಣ ಉರಿ, ನಂತರ ದೊಡ್ಡ ಉರಿ.
* ಕಾದ ಕಲ್ಲಿಗೆ ನೀರು ಸುರಿಯಬಾರದು. ಹೊರಮೈ ತಟ್ಟನೆ ಕುಗ್ಗಿ ಬಿರಿಯುತ್ತದೆ.

ಬೆಂಕಿಯ ಕೆಲಸ ಹಿರಿಯರದು. ಹತ್ತಿರ ಹೋಗಬೇಡಿ.

ಮಾಡಿ ನೋಡಿ

ಒಣ ಇಟ್ಟಿಗೆಯ ತುಂಡೊಂದನ್ನು ತೂಗಿ. ಒಂದು ರಾತ್ರಿ ನೀರಿನಲ್ಲಿಟ್ಟು, ಒರೆಸಿ, ಮತ್ತೆ ತೂಗಿ. ಹೆಚ್ಚಿದ ತೂಕವೇ ಅದು ಕುಡಿದ ನೀರು. ನುಣುಪಾದ ಗ್ರಾನೈಟ್ ತುಂಡಿನಲ್ಲೂ ಹೀಗೆಯೇ ಮಾಡಿ. ಯಾವುದು ಹೆಚ್ಚು ನೀರು ಕುಡಿಯಿತು?

ಹೊಗೆಯ ಮಾತೇನು?

ಕಲ್ಲು ಎಷ್ಟೇ ಒಳ್ಳೆಯದಾದರೂ ತೆರೆದ ಒಲೆಯ ಶಾಖದ ಹೆಚ್ಚಿನ ಪಾಲು ಗಾಳಿಗೆ ಹೋಗುತ್ತದೆ. ಅದರ ಹೊಗೆ ಅಮ್ಮನ ಕಣ್ಣಿಗೆ, ನಿಮ್ಮೆಲ್ಲರ ಶ್ವಾಸಕೋಶಕ್ಕೆ ಕೆಡುಕು. ಇದಕ್ಕಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ 'ಅಸ್ತ್ರ ಒಲೆ' ರೂಪುಗೊಂಡಿತು. ಅದರಲ್ಲಿ ಸೌದೆ ಕಡಿಮೆ ಸಾಕು. ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ನಿಮ್ಮೂರಿನ ಯಾವ ಮನೆಗಳಲ್ಲಿ ಹೊಗೆಕೊಳವೆ ಇದೆ? ಎಣಿಸಿ, ತರಗತಿಯಲ್ಲಿ ಹೇಳಿ.