ಮೂಲವ್ಯಾಧಿ ಅಂತ ಸುಮ್ಮನಿರಬೇಡಿ ಸ್ವಾಮಿ!

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ... ಊರು ಯಾವುದಾದರೂ ಮಾತು ಒಂದೇ. ಮಲದಲ್ಲಿ ರಕ್ತ ಕಂಡರೆ ಮೊದಲು 'ಉಷ್ಣ', ಆಮೇಲೆ 'ಮೂಲವ್ಯಾಧಿ'. ಬಹಳ ಸಲ ಅದು ನಿಜವೂ ಹೌದು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತೆ! ಇನ್ನೂ ಮೋಸದ ಸಂಗತಿಯೆಂದರೆ, ಶುರುವಿನಲ್ಲಿ ಸೋರುವ ರಕ್ತ ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ.

ಆ ಕಾಣದ ರಕ್ತ ಹಿಡಿಯುವುದೇ ಮಲಪರೀಕ್ಷೆಯ ಕೆಲಸ. ಬಿತ್ತನೆ ಮೊಟ್ಟೆ ಕೊಡುವ ಮುನ್ನ ತಾಯಿ ಚಿಟ್ಟೆಯಲ್ಲಿ ಗಂಟುರೋಗ ಹುಡುಕುವುದು ರೇಷ್ಮೆ ಸೀಮೆಯ ನಮಗೆ ಹೊಸದೇ? ಇದೂ ಅದೇ ಜಾತಿಯ ಮುಂಜಾಗ್ರತೆ.

ಹಳೇ ವಿಧಾನ ಗ್ವಾಯಕ್. ಅದಕ್ಕೆ ಪಥ್ಯ ಉಂಟು. ಪರೀಕ್ಷೆಗೆ ಮುಂಚೆ ಕುರಿಮಾಂಸ, ಮೂಲಂಗಿ ತಿಂದಿದ್ದರೂ ಸುಳ್ಳು ಗಂಟೆ ಬಾರಿಸೀತು. ಹಾಗಂತ ಪ್ರಯೋಜನವಿಲ್ಲ ಅನ್ನಬೇಡಿ. ಅಮೆರಿಕದ ಮಿನ್ನೆಸೋಟಾದಲ್ಲಿ 46,551 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 33ರಷ್ಟು ಕಡಿಮೆ!

ಈಗಿನದು 'ಫಿಟ್' ಪರೀಕ್ಷೆ. ಮನುಷ್ಯರ ರಕ್ತವನ್ನಷ್ಟೇ ಗುರುತಿಸುತ್ತೆ, ಪಥ್ಯ ಬೇಡ. 2014ರಲ್ಲಿ ಪ್ರಕಟವಾದ ಸುಮಾರು 10,000 ಜನರ ಅಧ್ಯಯನದ ಪ್ರಕಾರ ನೂರು ಕ್ಯಾನ್ಸರಿನಲ್ಲಿ ಫಿಟ್ ಹಿಡಿಯುವುದು ಸುಮಾರು 74, ಮಲದ ಡಿ.ಎನ್.ಎ. ಪರೀಕ್ಷೆ 92. ಹಾಗಾದರೆ ದುಬಾರಿಯದೇ ಮೇಲು? ತಾಳಿ! ದೊಡ್ಡ ತೊಂದರೆಯಿಲ್ಲದ ನೂರು ಜನರಲ್ಲಿ ಫಿಟ್ ಐದು ಮಂದಿಯನ್ನು ಬೆದರಿಸಿದರೆ, ಅದು ಹದಿಮೂರು ಮಂದಿಯನ್ನು ಬೆದರಿಸಿತು.

ಬೆದರಿದವರು ಕೊಲೊನೋಸ್ಕೋಪಿ, ಅಂದರೆ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ, ಮಾಡಿಸಲೇಬೇಕು. ಇಲ್ಲದಿದ್ದರೆ ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಇನ್ನು ಫಿಟ್ ಒಮ್ಮೆ ನೆಗೆಟಿವ್ ಬಂದರೆ ಅದು ಜೀವಮಾನದ ಸರ್ಟಿಫಿಕೇಟೂ ಅಲ್ಲ. ನಾಲ್ಕರಲ್ಲಿ ಒಂದು ತಪ್ಪಿಸಿಕೊಳ್ಳುತ್ತೆ, ಅದಕ್ಕೇ ಮತ್ತೆ ಮತ್ತೆ ಮಾಡಿಸಬೇಕು.

ಸರ್ಕಾರ 30 ದಾಟಿದವರಿಗೆ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಸೇರಿವೆ. 2016ರಲ್ಲಿ ಹಾಕಿದ ಆ ಪಟ್ಟಿಯಲ್ಲಿ ಕರುಳಿಗೆ ಜಾಗ ಸಿಗಲಿಲ್ಲ. ಪಶ್ಚಿಮ ದೇಶಗಳಿಗಿಂತ ನಮ್ಮಲ್ಲಿ ಈ ರೋಗ ಕಡಿಮೆ. ಎಲ್ಲರಿಗೂ ಪರೀಕ್ಷೆ ಅಂದರೆ ಸುಳ್ಳು ಗಂಟೆಯೇ ಜಾಸ್ತಿ ಆಗಬಹುದು.

ಹಾಗಾದರೆ ನಾವೇನು ಮಾಡೋಣ? ಐವತ್ತು ದಾಟಿದವರು ಡಾಕ್ಟರ ಹತ್ತಿರ ಫಿಟ್ ವಿಚಾರ ಕೇಳಿ. ಅಪ್ಪ-ಅಮ್ಮನಿಗೋ ಒಡಹುಟ್ಟಿದವರಿಗೋ ಬಂದಿದ್ದರೆ ಇನ್ನೂ ಬೇಗ ಕೇಳಿ. ಕಣ್ಣಿಗೇ ರಕ್ತ ಕಂಡರೆ, ತೂಕ ಇಳಿದರೆ, ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾದರೆ, ಆ ಪರೀಕ್ಷೆಗೂ ಕಾಯಬೇಡಿ, ನೇರ ಆಸ್ಪತ್ರೆಗೆ ನಡೆಯಿರಿ. ಕ್ಯಾನ್ಸರ್ ಅಂತ ಗೊತ್ತಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನಮಗೇನು ದೂರವಲ್ಲ.

ಹೊಟ್ಟೆಯ ಮಾತು ಡಾಕ್ಟರ ಮುಂದೆ ಆಡೋಕೆ ನಾಚಿಕೆ ಯಾಕೆ ಸ್ವಾಮಿ? ನಾಚಿಕೆಗಿಂತ ಜೀವ ದೊಡ್ಡದು.