ಕ್ಯೂಆರ್ ಕೋಡ್ ಇದ್ದರೆ ಸಾಕಾ? ಗೋಕುಲಂ ಅಂಗಡಿಗಳಿಗೆ ಬೇಕಿರುವುದು ಪಕ್ಕಾ ಲೆಕ್ಕ

ಮೈಸೂರು: ಗೋಕುಲಂ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ ಭಾಗದಲ್ಲಿ ಕ್ಯೂಆರ್ ಕೋಡ್ ಇಲ್ಲದ ಅಂಗಡಿ ಈಗ ಅಪರೂಪ. ಹಣ ಬಿದ್ದ ಕೂಡಲೇ ಗಲ್ಲಾಪೆಟ್ಟಿಗೆ ಪಕ್ಕದ ಸೌಂಡ್ ಬಾಕ್ಸ್ ಕೂಗುತ್ತೆ. ಆದರೆ ಏನು ಮಾರಿದ್ದಕ್ಕೆ ಆ ಹಣ ಬಂತು, ಅದರಲ್ಲಿ ಉಳಿದದ್ದೆಷ್ಟು, ನಾಳೆ ಏನು ತರಿಸಬೇಕು ಅನ್ನೋದನ್ನು ಆ ಡಬ್ಬಿ ಹೇಳಲ್ಲ. ಇದನ್ನೆಲ್ಲ ಹೇಳುವ ಏರ್ಪಾಟಿಗೇ ಮಾಹಿತಿ ವ್ಯವಸ್ಥೆ ಅಂತ ಹೆಸರು. ಅದು ದೊಡ್ಡ ಕಂಪನಿಗಳಿಗೆ ಮಾತ್ರ ಬೇಕಾದದ್ದಲ್ಲ.

ನೋಟಿಸ್ ಕಲಿಸಿದ ಪಾಠ

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸ್‌ನಲ್ಲಿ ಇದ್ದ ಮೊತ್ತ 29 ಲಕ್ಷ ರೂಪಾಯಿ. ಹಲವರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಬೋರ್ಡ್ ಹಾಕಿದರು. ಜುಲೈ 23ರಂದು ವ್ಯಾಪಾರಿಗಳ ಜೊತೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಎಂದರು.

ಇಲ್ಲಿ ತೊಡಕಾದದ್ದು ಎಲ್ಲಿ? ಇಲಾಖೆಯ ಕಂಪ್ಯೂಟರ್‌ಗೆ ಎಷ್ಟು ಹಣ ಬಂತು ಅನ್ನೋದು ಗೊತ್ತಿತ್ತು. ಯಾಕೆ ಬಂತು ಅನ್ನೋದು ಗೊತ್ತಿರಲಿಲ್ಲ. ತಾಜಾ ತರಕಾರಿ, ಹಣ್ಣು, ಹಾಲಿಗೆ ತೆರಿಗೆಯೇ ಇಲ್ಲ. ಕೈಸಾಲ ವಾಪಸ್ ಬಂದದ್ದು, ಅಣ್ಣತಮ್ಮಂದಿರು ಕಳಿಸಿದ್ದು ವ್ಯಾಪಾರವೇ ಅಲ್ಲ. ಅದನ್ನು ತೋರಿಸಲು ಅಂಗಡಿಯವರ ಕೈಯಲ್ಲಿ ಬಿಲ್ ಇರಬೇಕಿತ್ತು. ಕ್ಯೂಆರ್ ಕೋಡ್ ಕಿತ್ತರೆ ಈ ತೊಡಕು ಬಗೆಹರಿಯಲ್ಲ. ಲೆಕ್ಕ ಇಟ್ಟರೆ ಬಗೆಹರಿಯುತ್ತೆ.

ಅಂಗಡಿಯೊಳಗೆ ಏನು ಬದಲಾಗುತ್ತೆ?

ದಿನಸಿ ಅಂಗಡಿಯ ಕೆಲಸ ಒಂದು ಸರಪಳಿ ಇದ್ದ ಹಾಗೆ. ಸಂತೇಪೇಟೆಯಿಂದಲೋ ಏಜೆನ್ಸಿಯಿಂದಲೋ ಖರೀದಿ, ದಾಸ್ತಾನು, ಮಾರಾಟ, ಉದ್ರಿ, ವಸೂಲಿ, ಮತ್ತೆ ಖರೀದಿ. ಸಾಮಾನ್ಯವಾಗಿ ಇದೆಲ್ಲ ಮಾಲೀಕರ ತಲೆಯಲ್ಲೇ ಇರುತ್ತೆ. ಅವರು ಎರಡು ದಿನ ಊರಿಗೆ ಹೋದರೆ ಅಂಗಡಿಗೆ ಕಣ್ಣು ಕಟ್ಟಿದ ಹಾಗೆ.

1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡ್ ಮೊದಲ ಸಲ ಅಂಗಡಿಯಲ್ಲಿ ಸ್ಕ್ಯಾನ್ ಆಯಿತು. ಬಿಲ್ ಬೇಗ ಆಗುವುದು ಅದರ ಸಣ್ಣ ಲಾಭ ಅಷ್ಟೆ. ಸಾಮಾನು ಮಾರಿದ ಕ್ಷಣವೇ ದಾಸ್ತಾನಿನಿಂದ ಒಂದು ಕಡಿಮೆಯಾಗುತ್ತೆ, ಯಾವುದು ಖಾಲಿ ಆಗ್ತಿದೆ ಅಂತ ಗೊತ್ತಾಗುತ್ತೆ. ಇದೇ ದೊಡ್ಡ ಲಾಭ.

ಒಂದು ಲೆಕ್ಕ ನೋಡಿ. ಒಂದು ಸಾಮಾನಿಗೆ 1,000 ರೂಪಾಯಿ ಹಾಕಿದ್ದೀರಿ, ಲಾಭ ಶೇ 10. ಅದು ವಾರಕ್ಕೊಮ್ಮೆ ಖಾಲಿಯಾದರೆ ಮೂರು ತಿಂಗಳಲ್ಲಿ ಸುಮಾರು 12 ಸುತ್ತು, ಅಂದರೆ 1,200 ರೂಪಾಯಿ ಲಾಭ. ಇನ್ನೊಂದರಲ್ಲಿ ಲಾಭ ಶೇ 25, ಆದರೆ ಖಾಲಿಯಾಗಲು ಮೂರು ತಿಂಗಳು ಬೇಕು. ಸಿಗೋದು 250 ರೂಪಾಯಿ ಮಾತ್ರ. ಮಾರ್ಜಿನ್ ಜಾಸ್ತಿ ಅಂತ ತುಂಬಿಸಿದ ಸಾಮಾನು ಹಣವನ್ನು ಕಟ್ಟಿಹಾಕಿ ಕೂತಿರುತ್ತೆ. ಬರೀ ನೆನಪಿನಲ್ಲಿ ವ್ಯಾಪಾರ ಮಾಡಿದರೆ ಇದು ಕಣ್ಣಿಗೆ ಬೀಳಲ್ಲ.

10 ನಿಮಿಷದ ಆ್ಯಪ್ ಎದುರು

ವ್ಯಾಪಾರದಲ್ಲಿ ಗೆಲ್ಲಲು ಮೂರು ದಾರಿ ಎಂದು ಮೈಕೇಲ್ ಪೋರ್ಟರ್ 1980ರಲ್ಲೇ ಬರೆದಿದ್ದಾರೆ: ಎಲ್ಲರಿಗಿಂತ ಕಡಿಮೆ ಖರ್ಚಿನಲ್ಲಿ ನಡೆಸುವುದು, ಬೇರೆಯವರಲ್ಲಿ ಇಲ್ಲದ್ದನ್ನು ಕೊಡುವುದು, ಒಂದು ಗುಂಪಿನ ಗಿರಾಕಿಗಳನ್ನೇ ಚೆನ್ನಾಗಿ ನೋಡಿಕೊಳ್ಳುವುದು.

ಮೊದಲನೇ ದಾರಿಯಲ್ಲಿ ಡೆಲಿವರಿ ಆ್ಯಪ್‌ಗಳ ಜೊತೆ ಬೀದಿ ಅಂಗಡಿ ಓಡೋದು ಕಷ್ಟ. ಆದರೆ ಉಳಿದ ಎರಡು ದಾರಿ ಗೋಕುಲಂಗೆ ಹೊಸದಲ್ಲ. 2002ರಲ್ಲಿ ಕೆ. ಪಟ್ಟಾಭಿ ಜೋಯಿಸ್ ಅವರ ಅಷ್ಟಾಂಗ ಯೋಗ ಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳನ್ನು ನಂಬಿಕೊಂಡೇ ಇಲ್ಲಿ ಕೆಫೆ, ಬಾಡಿಗೆ ಮನೆ, ಅಂಗಡಿಗಳು ಬೆಳೆದವು. ಅವರು ವರ್ಷವಿಡೀ ಒಂದೇ ಸಂಖ್ಯೆಯಲ್ಲಿ ಇರಲ್ಲ. ಓಟ್ಸ್, ಪೀನಟ್ ಬಟರ್ ಯಾವ ತಿಂಗಳು ಎಷ್ಟು ಹೋಯಿತು ಅಂತ ಹೋದ ವರ್ಷದ ಲೆಕ್ಕ ಇದ್ದರೆ, ಸೀಸನ್ ಮುಗಿದ ಮೇಲೆ ಡೇಟ್ ಮುಗಿದ ಡಬ್ಬ ಎಸೆಯುವ ಗತಿ ಬರಲ್ಲ.

ಪಕ್ಕದ ಬೀದಿಯ ಮನೆಗಳ ವಿಷಯದಲ್ಲೂ ಅಷ್ಟೇ. ಯಾರ ಮನೆಗೆ ಯಾವ ಅಕ್ಕಿ, ಯಾರು ತಿಂಗಳ ಮೊದಲ ವಾರ ಚೀಟಿ ಕಳಿಸುತ್ತಾರೆ, ಯಾರ ಉದ್ರಿ ಎಷ್ಟು ಅನ್ನೋದು ಅಂಗಡಿಯವರಿಗೇ ಗೊತ್ತಿರುವ ಮಾಹಿತಿ. ಅದನ್ನು ಬರೆದಿಟ್ಟುಕೊಂಡು, ಒಪ್ಪಿದವರಿಗೆ ಮಾತ್ರ 'ಈ ತಿಂಗಳ ಸಾಮಾನು ಕಳಿಸಲಾ' ಅಂತ ವಾಟ್ಸ್‌ಆ್ಯಪ್ ಮಾಡಿದರೆ ಗಿರಾಕಿ ಕೈತಪ್ಪಲ್ಲ.

ಎಲ್ಲಿಂದ ಶುರು ಮಾಡೋದು?

* ವ್ಯಾಪಾರಕ್ಕೇ ಬೇರೆ ಬ್ಯಾಂಕ್ ಖಾತೆ ಮತ್ತು ಬೇರೆ ಕ್ಯೂಆರ್ ಕೋಡ್ ಇಡಿ. ಮನೆ ಹಣ ಅದಕ್ಕೆ ಬೆರೆಸಬೇಡಿ.
* ಮೊದಲ ದಿನವೇ ಎಲ್ಲ ಸಾಮಾನು ಕಂಪ್ಯೂಟರ್‌ಗೆ ಹಾಕಲು ಹೋಗಬೇಡಿ. ಹೆಚ್ಚು ಮಾರಾಟ ಆಗುವ 50 ಸಾಮಾನಿನಿಂದ ಶುರು ಮಾಡಿ. ಮೊಬೈಲ್ ಬಿಲ್ಲಿಂಗ್ ಆ್ಯಪ್ ಸಾಕು, ಆಗದಿದ್ದರೆ ನೋಟ್‌ಬುಕ್ಕೂ ನಡೆಯುತ್ತೆ.
* ತೆರಿಗೆ ಇರುವ ಮತ್ತು ಇಲ್ಲದ ಸಾಮಾನಿನ ಮಾರಾಟ ಬೇರೆ ಬೇರೆ ಬರೆಯಿರಿ. ಖರೀದಿ ಬಿಲ್ ಎಸೆಯಬೇಡಿ.
* ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತೆರಿಗೆ ಇಲ್ಲದ ಸಾಮಾನು ಮಾತ್ರ ಮಾರುವವರಿಗೆ ಬೇಡ. ಆದರೆ ಎರಡೂ ಮಾರುವವರು ಒಟ್ಟು ಮೊತ್ತವನ್ನೇ ಲೆಕ್ಕ ಹಾಕಬೇಕು.
* 1.5 ಕೋಟಿ ರೂಪಾಯಿವರೆಗಿನ ವ್ಯಾಪಾರಿಗಳಿಗೆ ಶೇ 1 ತೆರಿಗೆಯ ಕಾಂಪೊಸಿಷನ್ ಯೋಜನೆ ಇದೆ. ಗಿರಾಕಿಯಿಂದ ಬೇರೆ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಗೆ ಕಟ್ಟಿದ ತೆರಿಗೆಯೂ ವಾಪಸ್ ಸಿಗಲ್ಲ. ಯಾವುದು ಅನುಕೂಲ ಅಂತ ತೆರಿಗೆ ಸಲಹೆಗಾರರನ್ನು ಕೇಳಿ ತೀರ್ಮಾನಿಸಿ.

ರಾತ್ರಿ ಬಾಗಿಲು ಹಾಕುವ ಮುಂಚೆ ಹತ್ತು ನಿಮಿಷ ಕೂತು ಗಲ್ಲಾದ ನಗದು, ಯುಪಿಐ, ಉದ್ರಿ ಮೂರನ್ನೂ ಆ ದಿನದ ಮಾರಾಟದ ಜೊತೆ ತಾಳೆ ನೋಡಬೇಕು. ಈ ರೂಢಿ ಇಲ್ಲದಿದ್ದರೆ ಎಷ್ಟು ದುಬಾರಿ ಸಾಫ್ಟ್‌ವೇರ್ ತಂದರೂ ಪ್ರಯೋಜನ ಇಲ್ಲ.