ಪದಗಳನ್ನು ಕಡಿಯುವ ನಿಘಂಟುಕಾರ

ಕಾದಂಬರಿಯನ್ನು ಮೊದಲೇ ಓದಿದವರು ಅದನ್ನು ತೆರೆಯ ಮೇಲೆ ನೋಡಲು ಕುಳಿತಾಗ ಒಂದು ಬಗೆಯ ಗರ್ವ ಅವರನ್ನು ಹಿಡಿದಿರುತ್ತದೆ. ಇಲ್ಲಿ ಇದನ್ನು ಬಿಟ್ಟರು, ಅಲ್ಲಿ ಅದನ್ನು ಕೆಡಿಸಿದರು ಎಂದು ಲೆಕ್ಕ ಹಾಕುವುದೇ ಅವರ ಕೆಲಸ. ಜಾರ್ಜ್ ಆರ್ವೆಲ್ಲನ ‘ನೈನ್‌ಟೀನ್ ಎಯ್ಟಿ ಫೋರ್’ ಕಾದಂಬರಿಯನ್ನು ಬಿ.ಬಿ.ಸಿ.ಯವರು 1954ರಲ್ಲಿ ದೂರದರ್ಶನ ನಾಟಕವಾಗಿ ಪ್ರಸಾರ ಮಾಡಿದ್ದರು. ಈಚೆಗೆ ಒಂದು ರಾತ್ರಿ ಮಗಳ ಗಣಕಯಂತ್ರದ ಮುಂದೆ ಕುಳಿತು ಅದನ್ನು ನೋಡತೊಡಗಿದಾಗ ನನಗೂ ಆ ಗರ್ವವಿದ್ದಿತು. ನಾಟಕ ಅರ್ಧಕ್ಕೆ ಬರುವ ಮುನ್ನವೇ ಅದು ಇಳಿದುಹೋಯಿತು. ಇಳಿಸಿದವನು ಕ್ಯಾಂಟೀನಿನಲ್ಲಿ ಊಟದ ತಟ್ಟೆಯ ಮುಂದೆ ಕುಳಿತು ನಿಘಂಟಿನ ವಿಷಯ ಮಾತಾಡುವ ಒಬ್ಬ ಸಾಧಾರಣ ಮನುಷ್ಯ.

ಕಥೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಆರ್ವೆಲ್ಲನು ಈ ಕಾದಂಬರಿಯನ್ನು 1949ರಲ್ಲಿ ಪ್ರಕಟಿಸಿ ಮರುವರ್ಷದ ಜನವರಿಯಲ್ಲಿ, ತನ್ನ 46ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅವನು ಕಲ್ಪಿಸಿದ ರಾಜ್ಯದಲ್ಲಿ ಪ್ರತಿ ಗೋಡೆಯ ಮೇಲೂ ಒಂದು ಟೆಲಿಸ್ಕ್ರೀನು. ಅದನ್ನು ನಾವು ನೋಡುವಂತೆಯೇ ಅದೂ ನಮ್ಮನ್ನು ನೋಡುತ್ತದೆ. ನಾಯಕ ವಿನ್‌ಸ್ಟನ್ ಸ್ಮಿತ್‌ನಿಗೆ ಸತ್ಯ ಸಚಿವಾಲಯದಲ್ಲಿ ನೌಕರಿ. ಹಳೆಯ ಪತ್ರಿಕೆಗಳಲ್ಲಿ ಅಚ್ಚಾದುದನ್ನು ಇಂದಿನ ಅಗತ್ಯಕ್ಕೆ ತಕ್ಕಂತೆ ತಿದ್ದಿ ಮೂಲವನ್ನು ಬೆಂಕಿಗೆ ಕಳುಹಿಸುವುದು ಅವನ ಕಾಯಕ. ಎಲ್ಲಕ್ಕೂ ಮೇಲೆ ಇರುವವನು ‘ಬಿಗ್ ಬ್ರದರ್’, ಎಂದರೆ ದೊಡ್ಡಣ್ಣ. ಈ ಹೆಸರು ಇಂಗ್ಲಿಷಿನಲ್ಲಿ ಹೇಗೆ ಕೇಳಿಸುವುದೋ ನಾನರಿಯೆ. ತಂದೆಯಿಲ್ಲದ ಮನೆಯನ್ನು ಹೆಗಲ ಮೇಲೆ ಹೊತ್ತವನನ್ನು ನಾವು ದೊಡ್ಡಣ್ಣ ಎನ್ನುತ್ತೇವೆ. ಅಂತಹ ಮಾತೊಂದು ಕೈತಪ್ಪಿ ಹೋದರೆ ಏನಾದೀತೆಂಬುದು ಕನ್ನಡಿಗನಿಗೆ ಬೇಗ ಅರ್ಥವಾಗುತ್ತದೆ.

ನಾಟಕರೂಪವನ್ನು ಬರೆದವನು ನೈಜೆಲ್ ನೀಲ್. ನಿರ್ದೇಶಕ ರುಡಾಲ್ಫ್ ಕಾರ್ಟಿಯರ್. ವಿನ್‌ಸ್ಟನ್ನನಾಗಿ ಪೀಟರ್ ಕುಷಿಂಗ್, ಜೂಲಿಯಾ ಆಗಿ ಯ್ವಾನ್ ಮಿಚೆಲ್, ಓಬ್ರಿಯನ್ನನಾಗಿ ಆಂಡ್ರೆ ಮೊರೆಲ್ ಅಭಿನಯಿಸಿದರು. ಡಿಸೆಂಬರ್ 12, ಭಾನುವಾರ ರಾತ್ರಿ ಅದು ಪ್ರಸಾರವಾಯಿತು. ಚಿತ್ರೀಕರಿಸಿಟ್ಟುಕೊಂಡು ತೋರಿಸಿದ್ದೆಂದು ತಿಳಿಯಬಾರದು. ನಟರು ಸ್ಟುಡಿಯೋದಲ್ಲಿ ಆ ಹೊತ್ತಿಗೆ ಆಡಿದುದು ಆ ಹೊತ್ತಿಗೇ ಮನೆಮನೆಯ ಪೆಟ್ಟಿಗೆಯನ್ನು ಸೇರಿತು. ಒಂದು ದೃಶ್ಯದಿಂದ ಮತ್ತೊಂದಕ್ಕೆ ನಟರು ಓಡಿಹೋಗಿ ನಿಲ್ಲುವಷ್ಟು ಬಿಡುವು ಬೇಕಲ್ಲವೆ? ಅದಕ್ಕೆಂದು ಮೊದಲೇ ತೆಗೆದ ಫಿಲ್ಮಿನ ತುಣುಕುಗಳನ್ನು ನಡುನಡುವೆ ಹೊಂದಿಸಿದ್ದರು. ಹಿನ್ನೆಲೆ ಸಂಗೀತವೂ ಆಗಲೇ ನುಡಿಸಿದ್ದು. ಭಿತ್ತಿಚಿತ್ರಗಳಲ್ಲಿ ಎಲ್ಲರನ್ನೂ ದುರುಗುಟ್ಟಿ ನೋಡುವ ದೊಡ್ಡಣ್ಣನ ಮುಖ ಮಾತ್ರ ಯಾವ ನಟನದೂ ಅಲ್ಲ. ಅದೇ ಸಂಸ್ಥೆಯಲ್ಲಿ ರಂಗವಿನ್ಯಾಸದ ಕೆಲಸದಲ್ಲಿದ್ದ ರಾಯ್ ಆಕ್ಸ್‌ಲಿಯದು.

ಪ್ರಸಾರವಾದ ಮೇಲೆ ದೊಡ್ಡ ಗಲಭೆಯೆದ್ದಿತು. ಭಾನುವಾರ ಸಂಜೆ ಮನೆಮಂದಿಯೆಲ್ಲ ಕೂಡಿ ನೋಡುವ ಹೊತ್ತಿನಲ್ಲಿ ಇಂತಹ ಹಿಂಸೆಯನ್ನು ತೋರಿಸಬಹುದೆ ಎಂದು ಜನ ಸಿಟ್ಟಾದರು. ಪಾರ್ಲಿಮೆಂಟಿನಲ್ಲಿ ಖಂಡನೆಯ ಸೂಚನೆ ಬಂದಿತು. ಅದಕ್ಕೆ ಪ್ರತಿಯಾಗಿ ತಿದ್ದುಪಡಿಗಳೂ ಬಂದವು. ಆ ಕಾಲದ ಪದ್ಧತಿಯಂತೆ ಭಾನುವಾರದ ನಾಟಕವನ್ನು ಗುರುವಾರ ಮತ್ತೊಮ್ಮೆ ಮೊದಲಿನಿಂದ ಆಡಬೇಕಾಗಿದ್ದಿತು. ಆಡಲೆ, ಬಿಡಲೆ ಎಂಬ ಪ್ರಶ್ನೆ ಆಡಳಿತ ಮಂಡಲಿಯವರೆಗೂ ಹೋಗಿ ಕೊನೆಗೆ ಆಡಬಹುದೆಂದೇ ತೀರ್ಮಾನವಾಯಿತು. ಈ ನಡುವೆ ರಾಣಿಯೂ ತಾನೂ ನಾಟಕವನ್ನು ನೋಡಿ ಮೆಚ್ಚಿದೆವೆಂದು ರಾಣಿಯ ಪತಿಯೇ ಹೇಳಿದ ಸುದ್ದಿ ಹಬ್ಬಿತು. ಡಿಸೆಂಬರ್ 16ರ ಗುರುವಾರ ಸುಮಾರು 70 ಲಕ್ಷ ಜನ ನೋಡಿದರೆಂದು ಲೆಕ್ಕ.

ಕ್ಯಾಂಟೀನಿನ ದೃಶ್ಯಕ್ಕೆ ಬರುತ್ತೇನೆ. ಆ ಕ್ಯಾಂಟೀನಿಗೆ ಆರ್ವೆಲ್ಲನು ಕೆಲಸ ಮಾಡಿದ ಬಿ.ಬಿ.ಸಿ.ಯ ಕ್ಯಾಂಟೀನೇ ಮೂಲವೆನ್ನುತ್ತಾರೆ. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆತ 1941ರಿಂದ 1943ರವರೆಗೆ ಅಲ್ಲಿಯ ಪೂರ್ವದೇಶಗಳ ವಿಭಾಗದಲ್ಲಿದ್ದು ಭಾರತದ ಕೇಳುಗರಿಗಾಗಿ ಭಾಷಣಗಳನ್ನು ಸಿದ್ಧಪಡಿಸುತ್ತಿದ್ದನು. ಅವನ್ನು ಪ್ರಸಾರಕ್ಕೆ ಮೊದಲು ಸೆನ್ಸಾರಿನವರು ನೋಡಬೇಕಾಗಿದ್ದಿತು. ಇಂಗ್ಲಿಷನ್ನು 850 ಪದಗಳಿಗೆ ಇಳಿಸಿದ ಆಗ್ಡೆನ್ನನ ‘ಬೇಸಿಕ್ ಇಂಗ್ಲಿಷ್’ ಯೋಜನೆಯಲ್ಲಿ ಅವನು ಆಸಕ್ತಿ ತಾಳಿದ್ದುದೂ ಆ ವರ್ಷಗಳಲ್ಲಿಯೇ.

ನಾಟಕದಲ್ಲಿ ವಿನ್‌ಸ್ಟನ್ನನ ಎದುರಿಗೆ ಕುಳಿತವನು ಸೈಮ್. ಡೊನಾಲ್ಡ್ ಪ್ಲೆಸೆನ್ಸ್ ಆ ಪಾತ್ರಧಾರಿ. ‘ಹೊಸನುಡಿ’ಯ ನಿಘಂಟನ್ನು ಪರಿಷ್ಕರಿಸುತ್ತಿರುವವರಲ್ಲಿ ಸೈಮನೂ ಒಬ್ಬ. ಹೊಸ ಪದಗಳನ್ನು ಕೂಡಿಸುವುದು ಅವನ ಕೆಲಸವೆಂದು ಹೊರಗಿನವರ ಎಣಿಕೆ. ಅವನು ಮಾಡುತ್ತಿರುವುದು ಇದ್ದ ಪದಗಳನ್ನು ಕಡಿಯುವ ಕೆಲಸ. ಒಳ್ಳೆಯದು ಎಂಬ ಪದವೊಂದು ಇದ್ದಮೇಲೆ ಕೆಟ್ಟದ್ದಕ್ಕೆ ಬೇರೆ ಪದವೇತಕ್ಕೆ? ಒಳ್ಳೆಯದಲ್ಲದ್ದು ಎಂದರಾಯಿತು. ಬಹಳ ಒಳ್ಳೆಯದಕ್ಕೆ, ಅದಕ್ಕಿಂತ ಒಳ್ಳೆಯದಕ್ಕೆ ಒಂದೊಂದು ಪ್ರತ್ಯಯ ಸಾಕು. ಹೀಗೆ ಇಳಿಸುತ್ತ ಹೋದರೆ ಒಂದು ದಿನ ತಪ್ಪು ಯೋಚನೆಯನ್ನು ಮಾಡಲೆಂದರೂ ಮನುಷ್ಯನಿಗೆ ಪದ ಸಿಕ್ಕದು. ಪ್ಲೆಸೆನ್ಸನ ಮಾತಿನಲ್ಲಿ ಕ್ರೌರ್ಯದ ಸುಳಿವಿಲ್ಲ. ಕೈಗೆತ್ತಿಕೊಂಡ ಕೆಲಸದಲ್ಲಿ ಮುಳುಗಿದವನ ಹುಮ್ಮಸ್ಸು ಅದು, ವಿದ್ವಾಂಸನ ಹುಮ್ಮಸ್ಸು. ಓದಿದಾಗ ಈ ಪುಟಗಳನ್ನು ವಿಡಂಬನೆಯೆಂದು ನಕ್ಕು ಮುಂದೆ ದಾಟಿದ್ದೆ. ಎದುರಿಗೆ ಒಂದು ಮುಖವಿದ್ದಾಗ ಹಾಗೆ ದಾಟಲು ಬರುವುದಿಲ್ಲ. ಆ ಬಗೆಯ ಮುಖವನ್ನು ನಾನು ಬಲ್ಲೆ. ಅಧ್ಯಾಪಕರ ಕೊಠಡಿಯಲ್ಲಿ ದಿನವೂ ನೋಡುತ್ತೇನೆ, ಕನ್ನಡಿಯಲ್ಲಿಯೂ.

ನನಗೆ ತಿಳಿದ ನಿಘಂಟುಕಾರರು ಬೇರೆಯ ಜಾತಿಯವರು. ಪರದೇಶದಿಂದ ಬಂದ ಕಿಟ್ಟೆಲ್ಲರು ವರ್ಷಗಟ್ಟಲೆ ದುಡಿದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ಸುಮಾರು 70 ಸಾವಿರ ಪದಗಳಿವೆ. ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಾಗಿ ಬೆಳೆಯಿತು. ಅದರ ಸಂಪಾದಕತ್ವದ ಭಾರವನ್ನು ಹೊತ್ತ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, 107 ವರ್ಷ ತುಂಬಿದ ಮೇಲೆ, ನಮ್ಮನ್ನಗಲಿದರು. ಒಂದು ಪದ ಬಿಟ್ಟುಹೋಯಿತೆಂದರೆ ಇಂಥವರು ಕಳವಳಪಟ್ಟಾರು. ಅವರ ಸಂಪುಟಗಳು ನನ್ನ ಮೇಜಿನ ಮೇಲಿವೆ. ಆದರೂ ಹೇಳಬೇಕಾದ ಒಂದು ಸಂಗತಿಯುಂಟು.

ಕಳೆದ ವರ್ಷ ಪರೀಕ್ಷೆಗೆ ಒಂದು ತಿಂಗಳಿರುವಾಗ ವಿದ್ಯಾರ್ಥಿಗಳ ಅನುಕೂಲಕ್ಕೆಂದು ನಾನೊಂದು ಟಿಪ್ಪಣಿಯನ್ನು ಬರೆದುಕೊಟ್ಟೆನು. ಪಠ್ಯವೆಲ್ಲ ಹನ್ನೆರಡು ಪುಟಗಳಲ್ಲಿ ಅಡಕವಾಗಿದ್ದಿತು. ನನಗೆ ಹೆಮ್ಮೆಯೇ ಆಯಿತು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು, ಮಗ ಲಕ್ಷಣಕುಮಾರನನ್ನು ಕಾಣುವ ಭಾಗವಿದೆಯಷ್ಟೆ. ನನ್ನ ಟಿಪ್ಪಣಿಯಲ್ಲಿ ನಾಲ್ಕು ಕಡೆಯೂ ‘ದುಃಖವಾಯಿತು’ ಎಂದೇ ಇದ್ದಿತು. ಅಭ್ಯಾಸಕ್ಕೆಂದು ಉತ್ತರ ಬರೆದು ತಂದ ಒಬ್ಬ ಹುಡುಗಿ ಹಾಗೆ ಬರೆದಿರಲಿಲ್ಲ. ತಮ್ಮನನ್ನು ಕಂಡಾಗ ಕರುಳು ಕಿತ್ತುಬಂದಿತು, ಗೆಳೆಯನನ್ನು ಕಂಡಾಗ ಹಲುಬಿದನು, ಮಗನನ್ನು ಕಂಡಾಗ ಉಮ್ಮಳಿಸಿ ಅತ್ತನು, ಹೀಗೆ.

“ಇಷ್ಟೆಲ್ಲ ಬೇಡಮ್ಮ, ದುಃಖವಾಯಿತು ಅಂತ ಬರೆದುಬಿಡು. ತಿದ್ದುವವರಿಗೆ ಬೇಗ ಗೊತ್ತಾಗುತ್ತೆ” ಎಂದೆನು.

“ಎಲ್ಲರಿಗೂ ಒಂದೇ ಪದಾನಾ ಸಾರ್?” ಎಂದಳು.

ಅಂಕದ ಮಾತಾಡಿದೆ. ಅವಳು ಅಲ್ಲಿಯೇ ನಿಂತು, ನನ್ನ ಲೇಖನಿಯನ್ನೇ ಪಡೆದು, ಒಂದೊಂದಾಗಿ ಹೊಡೆದುಹಾಕಿದಳು. ಚೆನ್ನಾಗಿಯೇ ತೇರ್ಗಡೆಯಾದಳು.

ನಾಟಕದ ಉತ್ತರಾರ್ಧದಲ್ಲಿ ಕುಷಿಂಗನ ಅಭಿನಯ ಬಹಳ ದೊಡ್ಡದು; ಎಲುಬು ಕಾಣುವ ಆ ಮುಖವನ್ನು ಕ್ಯಾಮೆರಾ ಅಷ್ಟು ಹತ್ತಿರದಿಂದ ನೋಡುವಾಗ ನಮಗೇ ಮುಖ ತಿರುಗಿಸಬೇಕೆನ್ನಿಸುತ್ತದೆ. ಅದನ್ನು ಕುರಿತು ಇನ್ನಷ್ಟು ಬರೆಯಬಹುದಾಗಿದ್ದಿತು. ಆದರೆ ನನ್ನ ಮನಸ್ಸು ಕ್ಯಾಂಟೀನಿನಿಂದ ಮೇಲೆದ್ದಿರಲಿಲ್ಲ. ಕಾದಂಬರಿಯಲ್ಲಿ ಸೈಮನೂ ಉಳಿಯುವುದಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಬರುವುದಿಲ್ಲ. ಚದುರಂಗ ಸಮಿತಿಯ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಗಿರುತ್ತದೆ, ಅಷ್ಟೆ.

ನಾನು ನೋಡಿದ್ದು ಗುರುವಾರದ ಪ್ರದರ್ಶನ. ಪ್ರಸಾರವಾಗುತ್ತಿದ್ದಾಗ ಪರದೆಯ ಎದುರಿಗೆ ಫಿಲ್ಮ್ ಕ್ಯಾಮೆರಾ ಇಟ್ಟು ಹಿಡಿದುಕೊಂಡದ್ದರಿಂದ ಅದು ಉಳಿಯಿತು. ನೀಲನ ಇದೇ ನಾಟಕವನ್ನು 1965ರಲ್ಲಿ ಹೊಸದಾಗಿ ಆಡಿದರು. ಬಹುಕಾಲ ಕಳೆದುಹೋಗಿದ್ದ ಆ ಪ್ರತಿ 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ದೊರೆಯಿತು, ಅದರಲ್ಲಿಯೂ ಕೆಲವು ನಿಮಿಷಗಳು ಇಲ್ಲ. ಗಲಭೆಯೆಬ್ಬಿಸಿದ 1954ರ ಭಾನುವಾರದ ಪ್ರದರ್ಶನವನ್ನಂತೂ ಯಾರೂ ಹಿಡಿದಿಡಲಿಲ್ಲ. ಆ ರಾತ್ರಿ ಪ್ಲೆಸೆನ್ಸನು ಅದೇ ಮಾತುಗಳನ್ನು ಯಾವ ಧ್ವನಿಯಲ್ಲಿ ಆಡಿದನೋ ಇಂದು ಹೇಳುವವರಿಲ್ಲ.

ಆ ಹುಡುಗಿಯ ಹಾಳೆಯೂ ನನ್ನ ಬಳಿ ಇಲ್ಲ. ಅವಳು ಹೊಡೆದುಹಾಕಿದ ಮಾತುಗಳಲ್ಲಿ ಮೂರನ್ನು ಮೇಲೆ ಬರೆದಿದ್ದೇನೆ. ದ್ರೋಣನನ್ನು ಕಂಡಾಗ ಎಂದು ಬರೆದಿದ್ದ ನಾಲ್ಕನೆಯದು, ನಿಘಂಟನ್ನು ಮುಂದಿಟ್ಟುಕೊಂಡು ಎರಡು ದಿನ ಹುಡುಕಿದರೂ, ನೆನಪಿಗೆ ಬರುತ್ತಿಲ್ಲ.